ಬೆಳಗಿನ ಜಾವದ ಪಾಠ: ಪಂಡಿತಾ ರಮಾಬಾಯಿ ಕಲಿತ ಮನೆ

ದಯಮಾಡಿ ಕೂತ್ಕೊಳ್ಳಿ. ಚಿಕ್ಕ ಮಕ್ಕಳು ಸಂಡೇ ಸ್ಕೂಲ್ ರೂಮಿಗೆ ಹೋಗಬಹುದು. ದೊಡ್ಡವರು ಇಲ್ಲೇ ಇರಿ, ಇವತ್ತಿನ ಸಂದೇಶ ನಿಮಗೇ.

ಈ ತಿಂಗಳು ನಾವು ಕುಟುಂಬದ ಬಗ್ಗೆ ಧ್ಯಾನ ಮಾಡ್ತಾ ಇದ್ದೀವಿ. ಮದುವೆ ಬಗ್ಗೆ ಮಾತಾಡಿದ್ವಿ, ಹಣದ ಬಗ್ಗೆ ಮಾತಾಡಿದ್ವಿ. ಇವತ್ತು ಮಕ್ಕಳ ಕಲಿಕೆ ಬಗ್ಗೆ. ಸ್ಕೂಲ್ ಫೀಸ್ ವಿಷಯ ಅಲ್ಲ, ಮನೆಯೊಳಗೆ ನಡೆಯುವ ಕಲಿಕೆಯ ವಿಷಯ.

ಎರಡು ವಾಕ್ಯಭಾಗಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ಧರ್ಮೋಪದೇಶಕಾಂಡ 6ನೇ ಅಧ್ಯಾಯ, 6 ಮತ್ತು 7ನೇ ವಚನ. ಮೋಶೆ ಇಲ್ಲಿ ಇಸ್ರಾಯೇಲ್ಯರ ತಂದೆತಾಯಿಗಳಿಗೆ ಮಾತಾಡ್ತಾನೆ. ಮಕ್ಕಳಿಗೆ ಕಲಿಸುವುದಕ್ಕೆ ನಾಲ್ಕು ಸಮಯ ಹೇಳ್ತಾನೆ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಎರಡನೆಯದು 2 ತಿಮೊಥೆಯ 1:5. ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಪೌಲನು ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ಹೆಸರನ್ನೂ ಬರೆದಿದ್ದಾನೆ. ಹುಡುಗನ ಹಿಂದೆ ಒಂದು ಮನೆ ಇತ್ತು ಅಂತ ಪೌಲನಿಗೆ ಗೊತ್ತಿತ್ತು.

ಇವತ್ತು ಅಂಥದ್ದೇ ಒಂದು ಮನೆಯ ಚರಿತ್ರೆ ಹೇಳ್ತೀನಿ. ಪಂಡಿತಾ ರಮಾಬಾಯಿ. ಬೈಬಲ್ ಕಾಲೇಜಿನಲ್ಲಿ ನಾನು ಡಿಪ್ಲೊಮಾ ಓದುವಾಗ ಸಭಾಚರಿತ್ರೆಯ ಕ್ಲಾಸಿನಲ್ಲಿ ಇವರ ಹೆಸರು ಬಂತು. ಅಲ್ಲಿ ನಮಗೆ ಹೇಳಿದ್ದು ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ, ಮುಕ್ತಿ ಮಿಷನ್‌ನಲ್ಲಿ, 1905ರಲ್ಲಿ ಆದ ಉಜ್ಜೀವನದ ಬಗ್ಗೆ. ಅಜೂಸಾ ಸ್ಟ್ರೀಟ್ ಅಂದ್ರೆ ನಿಮಗೆಲ್ಲ ಗೊತ್ತು, ಅದು 1906. ಅದಕ್ಕೂ ಒಂದು ವರ್ಷ ಮೊದಲು ನಮ್ಮ ದೇಶದಲ್ಲೇ ಅನಾಥ ಹುಡುಗಿಯರ ಮೇಲೆ ಪವಿತ್ರಾತ್ಮನು ಇಳಿದು ಬಂದನು. ಹಲ್ಲೆಲೂಯಾ. ಆದ್ರೆ ಆ ಉಜ್ಜೀವನಕ್ಕೆ 40 ವರ್ಷ ಹಿಂದೆ ಹೋದ್ರೆ ಬೆಳಗಿನ ಜಾವದ ಕತ್ತಲಲ್ಲಿ ಒಬ್ಬ ತಾಯಿ ಮಗಳನ್ನು ಎಬ್ಬಿಸಿ ಪಾಠ ಹೇಳಿಕೊಡ್ತಾ ಇರೋದು ಕಾಣುತ್ತೆ. ಅದು ನನಗೆ ಆಮೇಲೆ ಓದಿದಾಗ ಗೊತ್ತಾಯ್ತು.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು. ಎಲ್ಲಿ ಗೊತ್ತಾ? ನಮ್ಮ ಕರ್ನಾಟಕದಲ್ಲೇ, ಗಂಗಾಮೂಲದಲ್ಲಿ. ನಿಮ್ಮಲ್ಲಿ ಎಷ್ಟೋ ಜನ ಕುದುರೆಮುಖಕ್ಕೆ ಟ್ರೆಕ್ಕಿಂಗ್ ಹೋಗಿ ಫೋಟೋ ಹಾಕಿದ್ದೀರಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅಲ್ಲೇ. ಈಗಲೂ ದಟ್ಟ ಕಾಡು. ಆಗ ಹುಲಿ ಓಡಾಡುವ ಕಾಡು. ಅಂಥ ಕಡೆ ಒಂದು ಬ್ರಾಹ್ಮಣ ಕುಟುಂಬ ಯಾಕೆ ಹೋಗಿ ನೆಲೆಸಿತು? ಇದೇ ಇವತ್ತಿನ ಕಥೆಯ ಬೇರು.

ತಂದೆಯ ಹೆಸರು ಅನಂತ ಶಾಸ್ತ್ರಿ ಡೋಂಗ್ರೆ. ಕರಾವಳಿ ಕಡೆಯವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಯುವಕರಾಗಿದ್ದಾಗ ಪುಣೆಗೆ ಓದಲು ಹೋದರು. ಅವರ ಗುರು ಪೇಶ್ವೆಯ ಅರಮನೆಗೆ ಹೋಗಿ ಪೇಶ್ವೆಯ ಹೆಂಡತಿಗೆ ಸಂಸ್ಕೃತ ಕಲಿಸ್ತಾ ಇದ್ರು. ಆಗಿನ ಕಾಲದಲ್ಲಿ ಹೆಂಗಸರು ಓದುವುದೇ ಇಲ್ಲ, ಅದರಲ್ಲೂ ಸಂಸ್ಕೃತ ಅವರಿಗೆ ಸಲ್ಲದು ಅಂತ ನಂಬಿಕೆ. ಆ ರಾಣಿಯ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿದ ದಿನ ಅನಂತ ಶಾಸ್ತ್ರಿಗಳ ಮನಸ್ಸಿನಲ್ಲಿ ಒಂದು ಬೀಜ ಬಿತ್ತು. ನಾನೂ ನನ್ನ ಹೆಂಡತಿಗೆ ಕಲಿಸಬೇಕು ಅಂತ ತೀರ್ಮಾನ ಮಾಡಿದರು.

ಊರಿಗೆ ಬಂದು ಪ್ರಯತ್ನಪಟ್ಟರು. ಮನೆಯ ಹಿರಿಯರು ಒಪ್ಪಲಿಲ್ಲ, ಹೆಂಡತಿಗೂ ಇಷ್ಟ ಇರಲಿಲ್ಲ. ಅಲ್ಲಿಗೆ ನಿಂತುಹೋಯ್ತು. ವರ್ಷಗಳು ಕಳೆದವು. ಆ ಹೆಂಡತಿ ತೀರಿಕೊಂಡ ಮೇಲೆ, 40 ದಾಟಿದ ವಯಸ್ಸಿನಲ್ಲಿ, ಎರಡನೇ ಮದುವೆ ಆಯ್ತು. ಹುಡುಗಿ ಲಕ್ಷ್ಮೀಬಾಯಿಗೆ 9 ವರ್ಷ. ಆ ಕಾಲದ ಪದ್ಧತಿ ಹಾಗಿತ್ತು, ಅದನ್ನು ನಾನು ಸರಿ ಅನ್ನಲ್ಲ. ಮುಂದೆ ಇದೇ ಮನೆಯ ಮಗಳು ಬಾಲ್ಯವಿವಾಹದ ವಿರುದ್ಧ ಪುಸ್ತಕವನ್ನೇ ಬರೆದರು. ಆದ್ರೆ ಶಾಸ್ತ್ರಿಗಳು ತಮ್ಮ ಹಳೇ ತೀರ್ಮಾನ ಬಿಡಲಿಲ್ಲ. ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಶುರು ಮಾಡಿದರು. ಈ ಸಲ ಕಲಿಯುವವಳಿಗೂ ಆಸೆ ಇತ್ತು.

ಜನ ಸುಮ್ಮನಿರ್ತಾರಾ? ದೊಡ್ಡ ವಿರೋಧ ಆಯ್ತು. ಉಡುಪಿಯಲ್ಲಿ ಪಂಡಿತರ ಸಭೆ ಮುಂದೆ ನಿಂತು ಅವರು ಉತ್ತರ ಕೊಡಬೇಕಾಯ್ತು. ಅವರು ಗಲಾಟೆ ಮಾಡಲಿಲ್ಲ. ಗ್ರಂಥಗಳಿಂದಲೇ ಆಧಾರಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಹೆಂಗಸರು ಸಂಸ್ಕೃತ ಕಲಿಯುವುದು ತಪ್ಪಲ್ಲ ಅಂತ ಒಪ್ಪಿಸಿದರು. ಸಭೆ ಒಪ್ಪಿತು, ಆದ್ರೆ ಮನೆಯಲ್ಲೂ ಊರಲ್ಲೂ ಕಿರಿಕಿರಿ ಮುಗಿಯಲಿಲ್ಲ. ಕೊನೆಗೆ ಹೆಂಡತಿಯನ್ನು ಕರಕೊಂಡು ಗಂಗಾಮೂಲದ ಕಾಡಿಗೆ ಹೊರಟುಬಿಟ್ಟರು. ಮೊದಲ ರಾತ್ರಿ ತಲೆ ಮೇಲೆ ಸೂರಿಲ್ಲ. ಹತ್ತಿರದಲ್ಲೇ ಹುಲಿ ಕೂಗ್ತಾ ಇತ್ತು. ಆ ಹುಡುಗಿ ರಜಾಯಿ ಹೊದ್ದು ನಡುಗುತ್ತಾ ಮಲಗಿದ್ದಳು, ಶಾಸ್ತ್ರಿಗಳು ಬೆಳಗಾಗುವ ತನಕ ಕಾವಲು ಕೂತಿದ್ದರು. ಅಲ್ಲೇ ಮನೆ ಕಟ್ಟಿದರು, ಅಲ್ಲೇ ಶಿಷ್ಯರನ್ನು ಸೇರಿಸಿ ಆಶ್ರಮ ನಡೆಸಿದರು, ಅಲ್ಲೇ ಹೆಂಡತಿಗೆ ಪಾಠ ಹೇಳಿದರು.

ಪ್ರಿಯರೇ, ಇಲ್ಲಿ ಒಂದು ನಿಮಿಷ ನಿಲ್ಲೋಣ. ತಾಯಿ ಕಲಿತದ್ದು ಮೊದಲು, ಮಗಳು ಕಲಿತದ್ದು ಆಮೇಲೆ. ಗಂಡ ಹೆಂಡತಿಯ ಓದಿಗೆ ಬೆಲೆ ಕೊಟ್ಟ ಮನೆಯಲ್ಲಿ ಮಗಳ ಓದಿಗೆ ದಾರಿ ಆಯ್ತು. ನಮ್ಮ ಸಭೆಯಲ್ಲಿ ಮದುವೆ ಆದ ಮೇಲೆ ಓದು ಬಿಟ್ಟ ತಂಗಿಯರಿದ್ದೀರಿ. ಡಿಗ್ರಿಗೆ ಒಂದೇ ವರ್ಷ ಬಾಕಿ ಇತ್ತು, ಆಮೇಲೆ ಮಗು ಆಯ್ತು, ಅಲ್ಲಿಗೆ ಮುಗೀತು. ಸಹೋದರರೇ, ಮಗುವನ್ನು ಒಳ್ಳೇ ಸ್ಕೂಲಿಗೆ ಹಾಕಲು ಲೋನ್ ಮಾಡ್ತೀರಿ, ಸಂತೋಷ. ಹೆಂಡತಿಯ ಆ ಒಂದು ವರ್ಷ ಮುಗಿಸಲು ಸಂಜೆ ಎರಡು ಗಂಟೆ ಮಗು ನೋಡಿಕೊಳ್ಳಲು ನೀವು ರೆಡಿನಾ? ಮಗುವಿನ ಕಲಿಕೆಗೆ ಅದು ಕೂಡ ಸಹಾಯವೇ. ಆಮೆನ್ ಸ್ವಲ್ಪ ಮೆಲ್ಲಗೆ ಬಂತು, ಪರವಾಗಿಲ್ಲ.

ಮುಂದೆ ನೋಡಿ. ರಮಾಬಾಯಿಗೆ ಆರು ತಿಂಗಳಾದಾಗ ಆ ಕುಟುಂಬ ಕಾಡನ್ನು ಬಿಡಬೇಕಾಯ್ತು. ಬಂದ ಯಾತ್ರಿಕರಿಗೆಲ್ಲ ಊಟ ಹಾಕಿ ಹಾಕಿ ಶಾಸ್ತ್ರಿಗಳು ಸಾಲಕ್ಕೆ ಬಿದ್ದಿದ್ದರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬ ತಲೆ ಮೇಲೆ ಹೊತ್ತು ಬೆಟ್ಟ ಇಳಿಸಿದ. ಅಲ್ಲಿಂದ ಅವರಿಗೆ ಮನೆ ಅನ್ನುವುದೇ ಇಲ್ಲ. ಒಂದು ತೀರ್ಥಕ್ಷೇತ್ರದಿಂದ ಇನ್ನೊಂದಕ್ಕೆ ನಡಿಗೆ, ಹೋದಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಜೀವನ. ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ, ಕೊನೆಯವಳು ರಮಾ.

ತಂದೆಗೆ ವಯಸ್ಸಾಗಿತ್ತು, ಕೊನೇ ಮಗಳಿಗೆ ಕಲಿಸುವ ಶಕ್ತಿ ಇರಲಿಲ್ಲ. ಆಗ ತಾಯಿ ಎದ್ದು ನಿಂತರು. ರಮಾಗೆ 8 ವರ್ಷ ಆದಾಗಿಂದ 15ರ ತನಕ ಲಕ್ಷ್ಮೀಬಾಯಿಯೇ ಗುರು. ಹಗಲೆಲ್ಲ ಕೆಲಸ: ಅಡುಗೆ, ನೀರು, ಗಂಡನ ಸೇವೆ, ಪ್ರಯಾಣ. ಹಗಲಲ್ಲಿ ಸಮಯ ಸಿಗಲ್ಲ ಅಂತ ಗೊತ್ತಾದ ತಾಯಿ ಬೆಳಗಿನ ಜಾವವನ್ನು ಹಿಡಿದರು. ನಿದ್ದೆಗಣ್ಣಿನ ಮಗಳನ್ನು ಬೈದು ಎಬ್ಬಿಸಲಿಲ್ಲ. ಮುದ್ದು ಮಾಡಿ, ಎತ್ತಿ ಕೂರಿಸಿ, ತಾನು ಹೇಳಿದ್ದನ್ನು ಅವಳ ಬಾಯಲ್ಲಿ ಹೇಳಿಸ್ತಾ ಇದ್ದರು. ವ್ಯಾಕರಣ, ಶಬ್ದಕೋಶ, ಪುರಾಣ, ಎಲ್ಲವೂ ಬಾಯಿಪಾಠ. 12 ವರ್ಷಕ್ಕೆ ಭಾಗವತದ 18,000 ಶ್ಲೋಕ ಆ ಹುಡುಗಿಯ ಬಾಯಲ್ಲಿತ್ತು ಅಂತ ಅವರ ಚರಿತ್ರೆ ಬರೆದವರು ಹೇಳ್ತಾರೆ.

ಮೋಶೆ ಹೇಳಿದ ನಾಲ್ಕು ಸಮಯ ನೆನಪಿದೆಯಾ? ಏಳುವಾಗ ಪಾಠ, ದಾರಿ ನಡೆಯುವಾಗ ಪಾಠ. ನಡೆದಲ್ಲೆಲ್ಲ ಆ ಹುಡುಗಿ ಭಾಷೆ ಕಲಿತಳು: ಮನೆಮಾತು ಮರಾಠಿ, ದಾರಿಯಲ್ಲಿ ನಮ್ಮ ಕನ್ನಡ, ಹಿಂದೂಸ್ತಾನಿ, ಆಮೇಲೆ ಬಂಗಾಳಿ.

ಈಗ ನಮ್ಮ ವಿಷಯಕ್ಕೆ ಬರೋಣ. ನಾನೂ ವಾರವೆಲ್ಲ ಕೆಲಸಕ್ಕೆ ಹೋಗುವವನೇ. ಎಂಟು ಗಂಟೆಗೆ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿ ರಾತ್ರಿ ಎಂಟಕ್ಕೆ ಮನೆ ಸೇರುವುದು ಏನು ಅಂತ ನನಗೆ ಗೊತ್ತು. ನಮಗೆ ಎರಡು ಗಂಟೆ ಸಿಗಲ್ಲ, ಒಪ್ಪಿಕೊಳ್ತೀನಿ. ಆದ್ರೆ ಇಪ್ಪತ್ತು ನಿಮಿಷ? ದಿನಾ ಒಂದೇ ಹೊತ್ತಿಗೆ, ಮೊಬೈಲ್ ಇನ್ನೊಂದು ರೂಮಿನಲ್ಲಿ ಇಟ್ಟು, ಮಗುವಿನ ಪಕ್ಕ ಕೂರುವ ಇಪ್ಪತ್ತು ನಿಮಿಷ. ಭಾನುವಾರ ಒಂದೇ ದಿನ ಮೂರು ಗಂಟೆ ಕೂರಿಸಿ ಅಳಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಒಳ್ಳೇದು. ಲಕ್ಷ್ಮೀಬಾಯಿ ಏಳು ವರ್ಷ ಅದನ್ನೇ ಮಾಡಿದ್ದು, ದಿನದಿನವೂ.

ಕೆಲವರು ನನ್ನ ಹತ್ತಿರ ಬಂದು, ಪಾಸ್ಟರ್, ನಾವು ಕನ್ನಡ ಮೀಡಿಯಂ, ಮಗು ಇಂಗ್ಲಿಷ್ ಮೀಡಿಯಂ, ನಾವೇನು ಹೇಳಿಕೊಡೋದು ಅಂತ ಕೇಳ್ತಾರೆ. ಟ್ಯೂಷನ್‌ಗೆ ಹಾಕಿ ಕೈ ತೊಳಕೊಂಡು ಬಿಡ್ತಾರೆ. ನಮ್ಮ ತಾಯಿ ಓದಿದ್ದು ನಾಲ್ಕನೇ ಕ್ಲಾಸ್. ಸಂಜೆ ಅಕ್ಕಿ ಆರಿಸುತ್ತಾ ಕೂತು ನನ್ನ ಕೈಯಲ್ಲಿ ಸತ್ಯವೇದ ಕೊಟ್ಟು ಗಟ್ಟಿಯಾಗಿ ಓದು ಅಂತಿದ್ರು. ಪುಸ್ತಕ ನೋಡದೇನೇ ನಾನು ಎಲ್ಲಿ ತಪ್ಪಿದೆ ಅಂತ ಹಿಡೀತಿದ್ರು, ಯಾಕಂದ್ರೆ ಸಭೆಯಲ್ಲಿ ಕೇಳಿ ಕೇಳಿ ಅವರಿಗೆ ವಚನ ಗೊತ್ತಿತ್ತು. ನನ್ನ ಓದುವ ಅಭ್ಯಾಸ ಶುರುವಾದದ್ದು ಆ ಅಕ್ಕಿ ಮೊರದ ಪಕ್ಕದಲ್ಲಿ.

ಹಾಗಾಗಿ ಹೇಳ್ತೀನಿ, ನಿಮಗೆ ಇಂಗ್ಲಿಷ್ ಬರದಿದ್ರೆ ಮಗುವಿಗೆ, ಇವತ್ತು ಸ್ಕೂಲಿನಲ್ಲಿ ಏನು ಕಲಿತೆ ನನಗೆ ಕನ್ನಡದಲ್ಲಿ ಹೇಳು ಅನ್ನಿ. ತನ್ನ ಮಾತಿನಲ್ಲಿ ಹೇಳಲು ಬಂದರೆ ಮಗುವಿಗೆ ಅರ್ಥ ಆಗಿದೆ ಅಂತ. ತಡವರಿಸಿದರೆ ಎಲ್ಲಿ ಅರ್ಥ ಆಗಿಲ್ಲ ಅಂತ ನಿಮಗೂ ಗೊತ್ತಾಗುತ್ತೆ, ಟೀಚರ್ ಹತ್ತಿರ ಅದನ್ನೇ ಕೇಳಬಹುದು. ತರಕಾರಿ ಅಂಗಡಿಯಲ್ಲಿ ಲೆಕ್ಕ ಮಗುವಿನ ಕೈಲಿ ಮಾಡಿಸಿ. ಬಸ್ಸಿನಲ್ಲಿ ಬೋರ್ಡ್ ಓದಿಸಿ. ರಾತ್ರಿ ಮಲಗುವಾಗ ಒಂದು ಕಥೆ ಓದಿ ಹೇಳಿ, ಕನ್ನಡದ್ದೇ ಆಗಲಿ. ಅಜ್ಜಿ ಮನೆಯಲ್ಲಿದ್ರೆ ಅಜ್ಜಿ ಕೈಲಿ ಹೇಳಿಸಿ, ಲೋವಿ ಇದ್ದಳಲ್ಲ. ಇನ್ನೊಂದು ಮಾತು, ಮಗು ನಿಮ್ಮ ಕೈಯಲ್ಲಿ ಪುಸ್ತಕ ನೋಡಬೇಕು. ನಾವು ರೀಲ್ಸ್ ನೋಡುತ್ತಾ ಮಗುವಿಗೆ ಓದು ಅಂದ್ರೆ ಅದು ಕಲಿಯುವುದು ರೀಲ್ಸನ್ನೇ.

ಚರಿತ್ರೆಗೆ ವಾಪಸ್ ಬರೋಣ, ಇಲ್ಲಿಂದ ಸ್ವಲ್ಪ ಕಷ್ಟದ ಭಾಗ.

ರಮಾಬಾಯಿಗೆ 16ರ ಆಸುಪಾಸು ಇದ್ದಾಗ ಬರಗಾಲ. ಪುರಾಣ ಕೇಳುವವರಿಲ್ಲ, ಕೊಡುವವರಿಲ್ಲ. ಇದ್ದ ಒಡವೆ, ಪಾತ್ರೆ ಎಲ್ಲ ಮಾರಿದರು. ಎಲೆ ತಿಂದು ದಿನ ಕಳೆದರು. ಮೊದಲು ತಂದೆ ಹೋದರು, ಕೆಲವೇ ವಾರದಲ್ಲಿ ತಾಯಿ. ತಾಯಿಯ ಹೆಣ ಹೊರಲು ಜನ ಸಾಲಲಿಲ್ಲ. ಚಟ್ಟಕ್ಕೆ ಮಗಳೂ ಹೆಗಲು ಕೊಡಬೇಕಾಯ್ತು, ಗಿಡ್ಡ ಇದ್ದ ಕಾರಣ ತಲೆ ಮೇಲೆ ಹೊತ್ತಳು. ಆಮೇಲೆ ಅಕ್ಕನೂ ಕಾಲರಾದಿಂದ ತೀರಿಕೊಂಡಳು. ಉಳಿದದ್ದು ಅಣ್ಣ ತಂಗಿ ಇಬ್ಬರೇ.

ಆ ಮನೆಯ ಕಲಿಕೆಯಲ್ಲಿ ಒಂದು ಕೊರತೆ ಇತ್ತು, ಅದನ್ನೂ ಹೇಳಬೇಕು. ಕೈ ಕೆಲಸ ಕಲಿಸಿರಲಿಲ್ಲ. ಕೂಲಿ ಮಾಡುವುದು ತಮ್ಮ ಜಾತಿಗೆ ತಕ್ಕದ್ದಲ್ಲ ಅನ್ನುವ ಅಭಿಮಾನ ಇತ್ತು. ಇಂಗ್ಲಿಷ್ ಕೂಡ ದೂರ ಇಟ್ಟಿದ್ದರು. ಹಸಿವು ಬಂದಾಗ ಅಷ್ಟು ಶ್ಲೋಕ ಗೊತ್ತಿದ್ದ ಮನೆಗೆ ಒಂದು ಹೊತ್ತಿನ ರೊಟ್ಟಿ ದುಡಿಯುವ ದಾರಿ ಗೊತ್ತಿರಲಿಲ್ಲ. ರಮಾಬಾಯಿ ಇದನ್ನು ಮರೆಯಲಿಲ್ಲ. ಮುಂದೆ ಮುಕ್ತಿಯಲ್ಲಿ ಪ್ರತಿ ಹುಡುಗಿಗೂ ಅಕ್ಷರದ ಜೊತೆಗೆ ಒಂದು ಕೆಲಸ ಕಲಿಸಿದರು: ನೇಯ್ಗೆ, ಹೊಲಿಗೆ, ಹೈನು, ತೋಟ, ಪ್ರಿಂಟಿಂಗ್. ಕಣ್ಣು ಕಾಣದವರಿಗೂ ಬೆರಳಿನಿಂದ ಓದಲು ಕಲಿಸಿದರು.

ನಮ್ಮ ಮಕ್ಕಳನ್ನು ನೋಡಿ. 95 ಪರ್ಸೆಂಟ್ ತೆಗೀತಾರೆ, ತಾವು ಉಂಡ ತಟ್ಟೆ ತೊಳೆಯಲು ಬರಲ್ಲ. ಓದ್ತಾ ಇದ್ದಾನೆ, ಡಿಸ್ಟರ್ಬ್ ಮಾಡಬೇಡಿ ಅಂತ ಅಮ್ಮಂದಿರೇ ಬೆಳೆಸ್ತೀವಿ, ಅದರಲ್ಲೂ ಗಂಡು ಮಕ್ಕಳನ್ನು. ಮನೆ ಕೆಲಸವೂ ಪಾಠವೇ. ಬಟ್ಟೆ ಮಡಚುವುದು, ಅನ್ನಕ್ಕೆ ನೀರು ಅಳೆಯುವುದು, ನಲ್ಲಿ ವಾಷರ್ ಬದಲಿಸುವುದು, ಹತ್ತು ವರ್ಷದ ಮಗು ಇದೆಲ್ಲ ಕಲಿಯಬಹುದು. ಕೈಯಲ್ಲಿ ದುಡಿಯುವುದನ್ನು ಕೀಳು ಅಂತ ಎಣಿಸಬಾರದು. ನಮ್ಮ ಕರ್ತನು ಬಡಗಿಯ ಮನೆಯಲ್ಲಿ ಬೆಳೆದವನು.

ಅಣ್ಣ ತಂಗಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿಯ ಪಂಡಿತರು ಈ ಇಪ್ಪತ್ತು ವರ್ಷದ ಹುಡುಗಿಯನ್ನು ಪರೀಕ್ಷೆ ಮಾಡಿ ಬೆರಗಾದರು. ಪಂಡಿತಾ, ಸರಸ್ವತೀ ಎಂಬ ಬಿರುದು ಕೊಟ್ಟರು. ಯಾವ ಸ್ಕೂಲ್ ಸರ್ಟಿಫಿಕೇಟೂ ಇರಲಿಲ್ಲ. ಸತ್ತುಹೋದ ತಾಯಿ ಕತ್ತಲಲ್ಲಿ ಹೇಳಿಕೊಟ್ಟದ್ದು ಅಷ್ಟು ಜನ ವಿದ್ವಾಂಸರ ಮುಂದೆ ಎದ್ದು ನಿಂತಿತು. ಹಲ್ಲೆಲೂಯಾ.

ಮಿಕ್ಕದ್ದನ್ನು ಬೇಗ ಹೇಳ್ತೀನಿ. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾದಿಂದ ಹೋದರು. 23ನೇ ವಯಸ್ಸಿನಲ್ಲಿ ವಿಧವೆ, ಕೈಯಲ್ಲಿ ಹಸುಗೂಸು. ಆದ್ರೆ ಆ ಚಿಕ್ಕ ಸಂಸಾರದಲ್ಲೇ ದೇವರು ಒಂದು ಕೆಲಸ ಮಾಡಿದ್ದನು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಅವರ ಕೈಗೆ ಸಿಕ್ಕಿತು. ಯೋಚನೆ ಮಾಡಿ. ಅವಳಿಗೆ ಓದಲು ಬರದಿದ್ರೆ? ಬೇರೆ ಬೇರೆ ಭಾಷೆ ಕಲಿಯುವ ರೂಢಿ ಇರದಿದ್ರೆ? ಆ ಪುಸ್ತಕ ಅಲ್ಲೇ ಧೂಳು ಹಿಡಿದು ಕೂತಿರ್ತಿತ್ತು.

ಆಮೇಲೆ ಪುಣೆಗೆ ಬಂದು, ಸರ್ಕಾರದ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಂಗಸರಿಗೆ ಹೆಣ್ಣು ಟೀಚರ್‌ಗಳು, ಹೆಣ್ಣು ಡಾಕ್ಟರ್‌ಗಳು ಬೇಕು ಅಂತ ಕೇಳಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನ ಆಯ್ತು. ಅಮೆರಿಕಾಕ್ಕೆ ಹೋಗಿ 1887ರಲ್ಲಿ ಭಾರತದ ಹೆಣ್ಣುಮಕ್ಕಳ ಕಷ್ಟದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಆ ಪುಸ್ತಕವನ್ನು ಯಾರಿಗೆ ಅರ್ಪಿಸಿದರು? ತಾಯಿ ಲಕ್ಷ್ಮೀಬಾಯಿಗೆ. ತಾಯಿ ಕ್ರಿಸ್ತನನ್ನು ಅರಿತವರಲ್ಲ, ಮಗಳು ಈಗ ವಿಶ್ವಾಸಿ, ಆದ್ರೂ ತನ್ನ ಕಲಿಕೆಯ ಋಣವನ್ನು ಮಗಳು ಮರೆಯಲಿಲ್ಲ. ಮೊದಲ ತಲೆಮಾರಿನ ವಿಶ್ವಾಸಿಗಳು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ತಂದೆತಾಯಿ ಇನ್ನೂ ನಂಬಿಕೆಗೆ ಬಂದಿಲ್ಲದೆ ಇರಬಹುದು. ಅವರು ನಿಮಗಾಗಿ ಮಾಡಿದ್ದನ್ನು ಗೌರವಿಸಿ. ಫೋನ್ ಮಾಡಿ. ಊರಿಗೆ ಹೋಗಿ ಬನ್ನಿ.

1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ಶುರು ಮಾಡಿದರು. ಆಮೇಲೆ ಕೇಡಗಾಂವ್‌ನಲ್ಲಿ ಜಮೀನು. 1896-97ರ ಬರಗಾಲದಲ್ಲಿ ಮಧ್ಯಭಾರತಕ್ಕೆ ತಾವೇ ಹೋಗಿ ಹಸಿದ ಹುಡುಗಿಯರನ್ನು ಕರೆದುತಂದರು. ಬರಗಾಲದಲ್ಲಿ ತಾಯಿಯ ಚಟ್ಟ ಹೊತ್ತವಳು ಬರಗಾಲದ ಮಕ್ಕಳಿಗೆ ತಾಯಿಯಾದಳು. 1900ರ ಹೊತ್ತಿಗೆ ಅಲ್ಲಿ ಸುಮಾರು ಒಂದೂವರೆ ಸಾವಿರ ಜನ. 1905ರಲ್ಲಿ ಉಜ್ಜೀವನಕ್ಕಾಗಿ ದಿನಾ ಪ್ರಾರ್ಥಿಸಿದ ಗುಂಪು, ಆತ್ಮನಿಂದ ತುಂಬಿದ ಆ ಹುಡುಗಿಯರು, ಇವರೇ.

ಮತ್ತೆ ಓದು ನಿಲ್ಲಿಸಲಿಲ್ಲ. ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಮರಾಠಿಯಲ್ಲಿ ಸತ್ಯವೇದ ಬೇಕು ಅಂತ, ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಇಡೀ ಸತ್ಯವೇದವನ್ನು ಅನುವಾದ ಮಾಡಿದರು. ಅಚ್ಚು ಜೋಡಿಸಿದ್ದು ಮುಕ್ತಿಯ ಹುಡುಗಿಯರೇ. ಮಗಳು ಮನೋರಮಾ ತಾಯಿಯ ಬಲಗೈ ಆಗಿದ್ದಳು. 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿ ಶಾಲೆ ಶುರು ಮಾಡಿದ್ದರಲ್ಲಿ ಅವಳ ಶ್ರಮ ಇತ್ತು. ಅಜ್ಜಿ, ತಾಯಿ, ಮಗಳು. ಲೋವಿ, ಯೂನಿಕೆ, ತಿಮೊಥೆಯ. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ಹೋದಳು. ಆ ದುಃಖದಲ್ಲೂ ರಮಾಬಾಯಿ ಕೊನೆಯ ದಿನಗಳ ತನಕ ಪ್ರೂಫ್ ತಿದ್ದುತ್ತಾ ಇದ್ದರು. 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಮುಗಿಸುವ ಮುಂಚೆ ಎರಡು ಮಾತು.

ಒಂದು, ಕಲಿಸಿದ ಮೇಲೆ ಮಕ್ಕಳು ಪ್ರಶ್ನೆ ಕೇಳ್ತಾರೆ. ಅನಂತ ಶಾಸ್ತ್ರಿಗಳು ಮಗಳಿಗೆ ಯೋಚಿಸಲು ಕಲಿಸಿದರು. ಆ ಯೋಚನೆ ತಂದೆ ಎಣಿಸದ ಕಡೆಗೂ ಅವಳನ್ನು ಕರಕೊಂಡು ಹೋಯ್ತು. ನಿಮ್ಮ ಮಗು ವಿಜ್ಞಾನದ ಬಗ್ಗೆ, ಸತ್ಯವೇದದ ಬಗ್ಗೆ, ಸಭೆಯ ಬಗ್ಗೆ ಕಷ್ಟದ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಗೊತ್ತಿಲ್ಲ, ಒಟ್ಟಿಗೆ ಓದೋಣ ಅನ್ನಿ. ನಮ್ಮ ದೇವರು ಪ್ರಶ್ನೆಗೆ ಹೆದರುವ ದೇವರಲ್ಲ.

ಎರಡು, ಮದುವೆ ಆಗಿಲ್ಲ, ಮಕ್ಕಳಿಲ್ಲ, ಈ ಸಂದೇಶ ನನಗಲ್ಲ ಅಂತ ಕೂತಿರುವ ಯುವಕ ಯುವತಿಯರೇ. ಮುಕ್ತಿಯಲ್ಲಿದ್ದ ಸಾವಿರಾರು ಹುಡುಗಿಯರಲ್ಲಿ ರಮಾಬಾಯಿ ಹೆತ್ತವಳು ಒಬ್ಬಳೇ. ನಿಮ್ಮ ಪಿಜಿ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿರುವ ಕುಟುಂಬಗಳ ಮಕ್ಕಳಿದ್ದಾರೆ. ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಅಣ್ಣನ ಮಗಳಿದ್ದಾಳೆ. ವಾರಕ್ಕೆ ಒಂದು ಸಂಜೆ, ತಂದೆತಾಯಿಯ ಒಪ್ಪಿಗೆ ಕೇಳಿ, ಕೂತು ಓದಿಸಿ. ಒಬ್ಬರೇ ಮಕ್ಕಳನ್ನು ಬೆಳೆಸ್ತಾ ಇರುವ ತಾಯಂದಿರೇ, ನಿಮ್ಮನ್ನು ದೇವರು ಮರೆತಿಲ್ಲ. ಸಭೆಯವರು ನಿಮ್ಮ ಜೊತೆ ಇರಬೇಕು, ಅದು ನಮ್ಮ ಜವಾಬ್ದಾರಿ.

ಈ ವಾರ ಒಂದೇ ಕೆಲಸ. ಇಪ್ಪತ್ತು ನಿಮಿಷ ಯಾವಾಗ ಅಂತ ಇವತ್ತೇ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿ. ನಾಳೆ ಬೆಳಿಗ್ಗೆಯಿಂದಲೇ ಶುರು. ಎಬ್ಬಿಸುವಾಗ ಬೈಬೇಡಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಮನೆಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ದಣಿದು ಮನೆಗೆ ಬರುವ ತಂದೆತಾಯಿಗಳಿಗೆ ತಾಳ್ಮೆ ಕೊಡು. ಓದಲು ಕಷ್ಟಪಡುವ ಮಕ್ಕಳಿಗೆ ಧೈರ್ಯ ಕೊಡು. ಕಲಿಸುವವರು ಯಾರೂ ಇಲ್ಲದ ಮಕ್ಕಳ ಹತ್ತಿರಕ್ಕೆ ನಮ್ಮನ್ನು ಕಳುಹಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.